ಕತ್ತಿಯ ಹಿಡಿಯ ಮೇಲೆ 1221: ನಾನು ಸರಿಯಾಗಿ ಓದಿಯೂ ತಪ್ಪಿದ ಒಂದು ಶಾಸನ

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ, ಬಸವೇಶ್ವರನಗರದ ನಮ್ಮ ಬೀದಿಯಲ್ಲೇ ಇರುವ ಹಿರಿಯರೊಬ್ಬರು ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಹಳೆಯ ನಾಣ್ಯ, ಹಿತ್ತಾಳೆ ದೀಪ, ಅಡಕತ್ತರಿ ಕೂಡಿಡುವ ಹವ್ಯಾಸ. ಫೋಟೋದಲ್ಲಿದ್ದದ್ದು ಅಲಗಿಲ್ಲದ ಒಂದು ಕಬ್ಬಿಣದ ಕತ್ತಿಹಿಡಿ. ಮೇಲೆ ಹುಲಿಪಟ್ಟೆ, ಪಾರ್ಸಿ ಅಕ್ಷರಗಳಲ್ಲಿ ‘ಹೈದರ್’ ಎಂಬ ಪುಟ್ಟ ಮುದ್ರೆ, ಅದರ ಕೆಳಗೆ ನಾಲ್ಕು ಅಂಕಿ: 1221.

‘ಟಿಪ್ಪು ಕಾಲದ್ದಂತೆ. ಆದ್ರೆ ನನ್ನ ಸ್ನೇಹಿತರು ಇದು ಡೂಪ್ಲಿಕೇಟ್ ಅಂತಿದಾರೆ. ನೀನೇನಂತೀಯಪ್ಪ?’ ಅಂತ ಕೇಳಿದರು.

ಆ ಸ್ನೇಹಿತರ ಲೆಕ್ಕ ಸರಳ. ಹಿಜರಿ 1221 ಅಂದ್ರೆ ಕ್ರಿ.ಶ. 1806. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಸತ್ತು ಏಳು ವರ್ಷವಾದ ಮೇಲೆ ಅವನ ಕಾರ್ಖಾನೆಯಲ್ಲಿ ಕತ್ತಿ ಮಾಡಿದ್ದು ಯಾರು?

ಪ್ರಶ್ನೆ ಒಳ್ಳೆಯದೇ, ಆದರೆ ಶಕೆ ತಪ್ಪು. ನನಗೆ ಖುಷಿಯಾಯಿತು. ಓದಿದ್ದು ಇಂಜಿನಿಯರಿಂಗ್, ಶಾಸನ ಕಲಿತದ್ದು ಸ್ವಂತವಾಗಿ. ಇಂಥ ಗಂಟು ಬಿಡಿಸುವ ಅವಕಾಶ ಸಿಕ್ಕರೆ ಬಿಡುವವನಲ್ಲ.

ಮೌಲೂದಿ ಲೆಕ್ಕ

ಟಿಪ್ಪುವಿನ ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ ವರ್ಷಗಳಿವೆ: 1197, 1198 ಹೀಗೆ. ಆಮೇಲೆ 1787ರ ಹೊತ್ತಿಗೆ ಸಂಖ್ಯೆ ಒಮ್ಮೆಲೇ 1215ಕ್ಕೆ ಜಿಗಿಯುತ್ತದೆ. ಅದು ಅವನೇ ಜಾರಿಗೆ ತಂದ ಮೌಲೂದಿ ಶಕೆ. ಹಿಜರಿ ವರ್ಷ ಪೂರ್ತಿ ಚಾಂದ್ರಮಾನದ್ದು, ಸುಮಾರು 354 ದಿನ; ಹಾಗಾಗಿ ಮಳೆ, ಬೆಳೆ, ಕಂದಾಯದ ಕಾಲಕ್ಕೆ ಹೊಂದಿಕೊಳ್ಳುವುದಿಲ್ಲ. ಟಿಪ್ಪುವಿನ ಹೊಸ ವರ್ಷ ನಮ್ಮ ಪಂಚಾಂಗದಂತೆ ಚಾಂದ್ರ-ಸೌರ ಲೆಕ್ಕದ್ದು. ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನೂ ಅವನು ಇಟ್ಟುಕೊಂಡ, ಹೆಸರುಗಳನ್ನು ಮಾತ್ರ ಬದಲಿಸಿದ.

ನೀವು ನೆನಪಿಡಬೇಕಾದ ಸೂತ್ರ ಒಂದೇ: ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಸುಮಾರಾಗಿ ಕ್ರಿ.ಶ. ಸಿಗುತ್ತದೆ. 1215 ಅಂದರೆ 1787. ನಮ್ಮ 1221 ಅಂದರೆ 1793, ಪ್ರಮಾದೀಚ ಸಂವತ್ಸರ. ಟಿಪ್ಪು ಬದುಕಿದ್ದ, ಪಟ್ಟಣದ ಕಾರ್ಖಾನೆಯೂ ಇತ್ತು.

ಇನ್ನೊಂದು ವಿಶೇಷ ಇದೆ. ಪಾರ್ಸಿ ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಬರೆಯುತ್ತಾರೆ. ಮೌಲೂದಿ ಶಕೆ ಬಂದ ಮೇಲೆ ಟಿಪ್ಪು ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1218 ಎಂಬುದು ಅವನ ನಾಣ್ಯದ ಮೇಲೆ 8121ರಂತೆ ಕಾಣುತ್ತದೆ. ಶಕೆ ಯಾವುದೆಂದು ತಿಳಿಯಲು ಇದೇ ಸುಲಭದ ಪರೀಕ್ಷೆ. ನಮ್ಮ ದುರದೃಷ್ಟ ನೋಡಿ, 1221ನ್ನು ಯಾವ ಕಡೆಯಿಂದ ಓದಿದರೂ 1221ಏ!

‘ಸಾರ್, ವರ್ಷ ಸರಿಯಾಗಿದೆ’ ಅಂತ ಬರೆದು, ಈ ಲೆಕ್ಕವನ್ನೆಲ್ಲ ವಿವರಿಸಿ ಕಳಿಸಿದೆ. ಅವತ್ತೇ ಸಂಜೆ ಅವರು 20,000 ರೂಪಾಯಿ ಮುಂಗಡ ಕೊಟ್ಟು ಬಂದರು.

ಹಿಡಿ ಬೇರೆ, ಅಲಗು ಬೇರೆ

ಜಪಾನಿ ಕತ್ತಿಯ ಬಿಡಿಭಾಗ ಸಂಗ್ರಹಿಸುವವರಿಂದ ನಾನು ಕಲಿಯಬೇಕಾಗಿದ್ದದ್ದು ಇಲ್ಲೇ. ಜಪಾನಿ ಕತ್ತಿಯಲ್ಲಿ ಅಲಗಿಗೂ ಹಿಡಿಗೂ ನಡುವೆ ತಟ್ಟೆಯಂಥ ಒಂದು ಲೋಹದ ಬಿಲ್ಲೆ ಇರುತ್ತದೆ, ಹೆಸರು ತ್ಸುಬ. ಮಾಡಿದವನ ಸಹಿ ಸಾಮಾನ್ಯವಾಗಿ ಅದರ ನಡುವಿನ ತೂತಿನ ಪಕ್ಕದಲ್ಲಿ, ಕತ್ತಿ ಜೋಡಿಸಿದಾಗ ಮರೆಯಾಗುವ ಜಾಗದಲ್ಲಿರುತ್ತದೆ. 1876ರಲ್ಲಿ ಜಪಾನ್ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿಗೆ ಕೆಲಸವಿಲ್ಲದಂತಾಗಿ ತ್ಸುಬಗಳು ರಾಶಿರಾಶಿಯಾಗಿ ಯುರೋಪು, ಅಮೆರಿಕದ ಸಂಗ್ರಹಗಳನ್ನು ಸೇರಿದವು. ಕಳ್ಳಸಹಿಗೆ ಅವರಲ್ಲಿ ‘ಗಿಮೇ’ ಎಂಬ ಪ್ರತ್ಯೇಕ ಪದವೇ ಇದೆ. ಅದಕ್ಕೇ ಪಳಗಿದವರು ಮೊದಲು ಕಬ್ಬಿಣ, ಆಕಾರ, ಕೆಲಸದ ರೀತಿ ನೋಡುತ್ತಾರೆ. ಸಹಿ ಓದುವುದು ಕೊನೆಗೆ.

ನಮ್ಮ ಕತ್ತಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲಗಿನ ಬಾಲವನ್ನು ಹಿಡಿಯೊಳಗೆ ಅರಗಿನಂಥ ಅಂಟು ತುಂಬಿ ಕೂರಿಸುತ್ತಿದ್ದರು. ಬಿಸಿ ಮಾಡಿದರೆ ಬಿಡುತ್ತದೆ. ಹಾಗಾಗಿ ಒಂದೇ ಹಿಡಿ ಹಲವು ಅಲಗು ಕಂಡಿರಬಹುದು. ಅಲಗಿನ ಶಾಸನ ಹಿಡಿಗೆ ಸಾಕ್ಷಿಯಲ್ಲ, ಹಿಡಿಯದ್ದು ಅಲಗಿಗೆ ಸಾಕ್ಷಿಯಲ್ಲ.

ಬರಹ ಯಾರದ್ದು ಅನ್ನುವುದನ್ನೂ ಕೇಳಬೇಕು. ಆದೋನಿಯಲ್ಲಿ ಸಿಕ್ಕ ದಕ್ಷಿಣದ ಆಯುಧಗಳು 17ನೇ ಶತಮಾನದ ಕೊನೆಯಲ್ಲಿ ಬಿಕಾನೇರಿನ ಅನೂಪ್ ಸಿಂಗನ ಶಸ್ತ್ರಾಗಾರ ಸೇರಿದವು. ಅಲ್ಲಿ ಅವುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ನಾಗರಿ ಅಕ್ಷರ ಕುಟ್ಟಿದರು. ಅಕ್ಷರ ನೋಡಿ ‘ರಾಜಸ್ಥಾನದ್ದು’ ಅಂದರೆ ತಪ್ಪು. ಅದು ಮಾಡಿದವನ ಸಹಿಯಲ್ಲ, ಗೆದ್ದವನ ಉಗ್ರಾಣದ ಗುರುತು.

ಗುಂಡಿ ಮೊದಲೋ, ಗೀರು ಮೊದಲೋ?

ಮುಂದಿನ ವಾರ ಹಿಡಿಯನ್ನೇ ನೋಡೋಣವೆಂದು ಹಿರಿಯರ ಜೊತೆ ಹೋದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಜೇಬಿನಲ್ಲಿತ್ತು. ಎರಡೇ ನಿಮಿಷ, ಬಾಯಿ ಒಣಗಿತು.

ವೀರಗಲ್ಲು ಓದುವವರಿಗೆ ಈ ತರ್ಕ ಗೊತ್ತು. ಕಲ್ಲಿನ ಮುಕ್ಕು ಅಕ್ಷರವನ್ನು ತಿಂದಿದ್ದರೆ ಅಕ್ಷರ ಮೊದಲಿನದು, ಮುಕ್ಕು ಆಮೇಲಿನದು. ಅಕ್ಷರವೇ ಮುಕ್ಕನ್ನು ತಪ್ಪಿಸಿಕೊಂಡು ಹೋಗಿದ್ದರೆ ಮುಕ್ಕು ಮೊದಲಿನದು. ಕಬ್ಬಿಣಕ್ಕೂ ಇದೇ ನಿಯಮ. ಹಳೆಯ ಗೀರಾಗಿದ್ದರೆ ತುಕ್ಕಿನ ಗುಂಡಿ ಅದರ ಅಂಚನ್ನು ಕೊರೆದು ಗೆರೆಯನ್ನು ತುಂಡರಿಸಿರುತ್ತದೆ. ಇಲ್ಲಿ ಗೀರು ಗುಂಡಿಯೊಳಗೆ ಇಳಿದು, ತಳದಲ್ಲೇ ಸಾಗಿ, ಆಚೆ ದಡ ಹತ್ತಿತ್ತು. ಬಂಗಾರದ ಬಣ್ಣ ತುಕ್ಕಿನ ಕಣಗಳ ಮೇಲೇ ಕೂತಿತ್ತು. ಅಂದರೆ ಹಿಡಿ ಹಳೆಯದೇ. ಹುಲಿಪಟ್ಟೆ, ಮುದ್ರೆ, 1221 ಎಲ್ಲವೂ ತೀರ ಈಚಿನವು. ಕೆತ್ತಿದವನಿಗೆ ಮೌಲೂದಿ ಲೆಕ್ಕ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು ಅಥವಾ ಯಾವುದೋ ನಾಣ್ಯ ನೋಡಿ ನಕಲು ಮಾಡಿದ್ದ.

ಯಾಕೆ ಕೆತ್ತುತ್ತಾರೆ ಅನ್ನುವುದಕ್ಕೆ ಉತ್ತರ ದೂರವಿಲ್ಲ. 2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಅದರ ಅಲಗಿನ ಮೇಲೆ ‘ಶಂಶೀರ್-ಎ-ಮಲಿಕ್’, ಅಂದರೆ ದೊರೆಯ ಕತ್ತಿ ಎಂದಿದೆ. ಆದರೆ ಅದಕ್ಕೆ ಬೆಲೆ ಬಂದದ್ದು ಆ ಎರಡು ಪದಕ್ಕಷ್ಟೇ ಅಲ್ಲ. 1799ರಲ್ಲಿ ಜನರಲ್ ಬೇರ್ಡ್‌ಗೆ ಒಪ್ಪಿಸಿದಲ್ಲಿಂದ ಅದು ಯಾರ ಕೈಯಲ್ಲಿತ್ತು ಎಂಬುದಕ್ಕೆ ದಾಖಲೆ ಇದೆ.

ಮುಂಗಡದಲ್ಲಿ ಅರ್ಧ ವಾಪಸ್ ಬಂತು. ಉಳಿದರ್ಧ ನಾನು ಕೊಡ್ತೀನಿ ಅಂದಿದ್ದಕ್ಕೆ ಹಿರಿಯರು ಬೈದರು. ‘ನಿನ್ನ ಓದು ತಪ್ಪಾಗಿರಲಿಲ್ಲ, ಅವಸರ ತಪ್ಪು. ಕಾಫಿ ಕೊಡಿಸು, ಸಾಕು’ ಅಂದರು. ಹಾವನೂರು ಸರ್ಕಲ್ ಹತ್ತಿರ ಕಾಫಿ ಕುಡಿದೆವು. ನನಗೆ ರುಚಿಸಲಿಲ್ಲ.

ಅವತ್ತಿನಿಂದ ಮೂರು ನಿಯಮ ಇಟ್ಟುಕೊಂಡಿದ್ದೇನೆ, ನಿಮಗೂ ಹೇಳುತ್ತೇನೆ. ಫೋಟೋ ನೋಡಿ ಓದು ಹೇಳಬಹುದು, ಕಾಲ ಹೇಳಬಾರದು. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ 1972ರ ಪುರಾವಸ್ತು ಕಾಯ್ದೆಯಂತೆ ಲೈಸೆನ್ಸ್ ಬೇಕು. ಕೊಳ್ಳುವ ಮೊದಲು ಅದನ್ನು ಕೇಳಿ. ಮನೆಯಲ್ಲಿ ಹಳೆಯ ಕತ್ತಿ ಇದ್ದರೆ ಆಯುಧಪೂಜೆಗೆಂದು ಹುಣಸೆಹಣ್ಣು, ಮರಳುಕಾಗದ ಹಾಕಿ ತಿಕ್ಕಬೇಡಿ. ನಮ್ಮ ಹಿರಿಯರ 10,000 ರೂಪಾಯಿ ಉಳಿಸಿದ ಸಾಕ್ಷಿ ಆ ಕೊಳಕು ತುಕ್ಕೇ.