ಟೈರಿನ ಮುಳ್ಳು ಹುಡುಕಿ

ಮಕ್ಕಳೇ, ನಿಮ್ಮ ಸೈಕಲ್ ಪದೇ ಪದೇ ಪಂಕ್ಚರ್ ಆಗುತ್ತಿದೆಯೇ? ರಸ್ತೆಯನ್ನು ಬೈಯುವ ಮೊದಲು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.

ಸೈಕಲ್ಲಿಗೆ ಗಾಳಿ ಟೈರ್ ಬಂದದ್ದೇ ಒಬ್ಬ ಪುಟ್ಟ ಹುಡುಗನಿಂದಾಗಿ. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ತಯಾರಿಸಿ, 1888ರಲ್ಲಿ ಪೇಟೆಂಟ್ ಪಡೆದರು.

ಗಾಳಿಯೇ ಟೈರಿನ ಜೀವ. ಅದು ಕಡಿಮೆಯಿದ್ದು ಚಕ್ರ ಗುಂಡಿಗೆ ಇಳಿದರೆ, ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಅಕ್ಕಪಕ್ಕ ಎರಡು ತೂತು ಕಂಡರೆ ಕಾರಣ ಇದೇ ಎನ್ನಿ. ಸೈಕಲ್ ನಿಂತಿದ್ದರೂ ಗಾಳಿ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಪಂಪು ಹೊಡೆಯಿರಿ. ಎಷ್ಟು ಗಾಳಿ ಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ, ವ್ಯತ್ಯಾಸ ಎಲ್ಲಿದೆಯೆಂದು ಹುಡುಕಿಯೇ ನಾವು ಮನೆಗೆ ಹೊರಡುತ್ತಿದ್ದೆವು. ಪಂಕ್ಚರಿನದೂ ಅದೇ ಲೆಕ್ಕ. ಪ್ಯಾಚ್ ಹಾಕಿಸಿದರೆ ಸಾಲದು. ಜಾಲಿ ಮುಳ್ಳೋ ಗಾಜಿನ ಚೂರೋ ಟೈರಿನಲ್ಲೇ ಉಳಿದಿದ್ದರೆ ನಾಳೆ ಮತ್ತೆ ಚುಚ್ಚುತ್ತದೆ. ಟೈರಿನ ಒಳಗೆ ಹಳೆಯ ಬಟ್ಟೆಯಿಂದ ಒರೆಸಿ. ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿರುತ್ತದೆ. ಬರಿಗೈ ಹಾಕಬೇಡಿ. ತೂತು ಟ್ಯೂಬಿನ ಒಳಬದಿಯಲ್ಲಿದ್ದರೆ, ಕಡ್ಡಿಗಳ ತುದಿ ಮುಚ್ಚುವ ರಿಮ್ಮಿನ ಪಟ್ಟಿ ಸರಿದಿದೆಯೇ ನೋಡಿ.

ಗಾಜು, ಮೊಳೆಗಳು ರಸ್ತೆಯ ಅಂಚಿನಲ್ಲೇ ಹೆಚ್ಚು. ಮಳೆಗಾಲದಲ್ಲಂತೂ ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುತ್ತದೆ. ಆದರೂ ನನ್ನ ಮೊಮ್ಮಗಳಿಗೆ ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ: ಮೊಳೆ ಕಂಡಿತೆಂದು ಥಟ್ಟನೆ ನಡುರಸ್ತೆಗೆ ತಿರುಗಿಸಬೇಡಿ. ಹಿಂದೆ ಲಾರಿ ಬರುತ್ತಿರಬಹುದು. ಟ್ಯೂಬಿಗಾದರೆ ಪ್ಯಾಚ್ ಇದೆ.

ಅಜ್ಜ ಅಜ್ಜಿಯರೇ, ಭಾನುವಾರ ಮಕ್ಕಳ ಜೊತೆ ನೀವೂ ಒಮ್ಮೆ ಟೈರು ಒತ್ತಿ ನೋಡಿ.