ಮಾತಿನ ರೆಕಾರ್ಡಿಂಗ್: ಹಂಚೋಕೆ ಒಂದು, ಕಾಪಾಡೋಕೆ ಒಂದು

ಉಪನ್ಯಾಸ, ಕವಿಗೋಷ್ಠಿ, ಹಿರಿಯರ ಸಂದರ್ಶನ ಎಲ್ಲವನ್ನೂ ಈಗ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡುತ್ತೇವೆ. ಫೈಲ್ ದೊಡ್ಡದಾಯ್ತು ಅಂತ ಕುಗ್ಗಿಸುತ್ತೇವೆ. ಆಮೇಲೆ ಕುಗ್ಗಿಸಿದ್ದನ್ನು ಇಟ್ಟುಕೊಂಡು ಮೂಲವನ್ನು ಅಳಿಸಿಬಿಡುತ್ತೇವೆ. ನಷ್ಟ ಆಗೋದು ಅಲ್ಲೇ. ಬ್ಯಾರಿ, ನವಾಯತಿ, ದಖನಿ ಆಡುವ ನಮ್ಮ ಅಜ್ಜಿಯರ ಹಾಡು-ಕತೆಗಳು ಬರಹಕ್ಕೆ ಇಳಿದಿರುವುದು ಕಡಿಮೆ. ಅವರು ಹೋದ ಮೇಲೆ ಆ ಉಚ್ಚಾರಣೆಗೆ ಉಳಿಯುವ ಸಾಕ್ಷಿ ಈ ಫೈಲ್ ಮಾತ್ರ.

ವೇವ್ ಫಾರ್ಮ್ಯಾಟ್ ದನಿಯನ್ನು ಸಾಮಾನ್ಯವಾಗಿ ಕುಗ್ಗಿಸದೆ ಇಡುತ್ತದೆ. ಸಿ.ಡಿ. ಗುಣಮಟ್ಟದಲ್ಲಿ, ಸ್ಟೀರಿಯೊದಲ್ಲಿ ಒಂದು ಗಂಟೆಗೆ ಸುಮಾರು 635 ಎಂ.ಬಿ. ಬೇಕು. ಫ್ಲ್ಯಾಕ್ ಏನನ್ನೂ ಕಳೆಯದೆ ಈ ಗಾತ್ರವನ್ನು ಸಾಕಷ್ಟು ಇಳಿಸುತ್ತದೆ. ಕಾಪಾಡಿ ಇಡೋಕೆ ಇವೆರಡೇ ಸರಿ.

ಹಂಚೋಕೆ ಎಂಪಿ3 ಅನುಕೂಲ. ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಅದು ಬಿಟ್ಟುಬಿಡುತ್ತದೆ. ಒಬ್ಬರ ಮಾತಿಗೆ ಸ್ಟೀರಿಯೊ ಬೇಕಿಲ್ಲ, ಮೊನೊ ಸಾಕು. 64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 8 ಕಿಲೋಬೈಟ್, ಗಂಟೆಗೆ ಸುಮಾರು 29 ಎಂ.ಬಿ. ಹಳೆ ಫೋನ್, ಕಾರಿನ ಪ್ಲೇಯರ್, ಕಂಪ್ಯೂಟರ್ ಎಲ್ಲದರಲ್ಲೂ ಓಡುತ್ತದೆ.

ಇನ್ನೂ ಚಿಕ್ಕದು ಬೇಕಾದ್ರೆ ಓಪಸ್ ಇದೆ. 2012ರಲ್ಲಿ ಅಂತರಜಾಲದ ಮಾನದಂಡವಾದ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ಬರುವುದೂ ಇದರಲ್ಲೇ. ಮಾತಿಗೆ 24 ಕೆಬಿಪಿಎಸ್ ಸಾಕಾಗುತ್ತದೆ, ಗಂಟೆಗೆ ಸುಮಾರು 11 ಎಂ.ಬಿ. ಆದರೆ ಹಳೆಯ ಪ್ಲೇಯರ್‌ಗಳಲ್ಲಿ ಓಡಲ್ಲ.

ಹಳೆ ಫೋನ್‌ಗಳ ಎಎಂಆರ್ ಫಾರ್ಮ್ಯಾಟ್ ಮಾತ್ರ ಬೇಡ. ಅದು ಸೆಕೆಂಡಿಗೆ 8,000 ಸಲ ಮಾತ್ರ ದನಿಯನ್ನು ಅಳೆಯುತ್ತದೆ, ಹಾಗಾಗಿ 4,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಅದರಲ್ಲಿ ಉಳಿಯೋದೇ ಇಲ್ಲ. ‘ಸ’ಕಾರದ ಸದ್ದು ಹೆಚ್ಚಾಗಿ ಇರೋದು ಅಲ್ಲೇ. ‘ಸ’ ಯಾವುದು, ‘ಫ಼’ ಯಾವುದು ಅನ್ನೋದೇ ಗೊಂದಲವಾಗುತ್ತದೆ. ಮುಂದೆ ಆ ಹಾಡನ್ನು ಬರೆದುಕೊಳ್ಳಲು ಕೂತ ವಿದ್ಯಾರ್ಥಿ ಊಹೆ ಮಾಡಿ ಬರೆಯಬೇಕಾಗುತ್ತದೆ.

ಒಮ್ಮೆ ಕಳೆದದ್ದು ಮತ್ತೆ ಬರುವುದಿಲ್ಲ. ಎಂಪಿ3ಯನ್ನು ವೇವ್‌ಗೆ ಬದಲಾಯಿಸಿದರೆ ಗಾತ್ರ ಬೆಳೆಯುತ್ತದೆ, ದನಿ ಸುಧಾರಿಸಲ್ಲ. ಎಂಪಿ3ಯನ್ನೇ ಮತ್ತೆ ಮತ್ತೆ ಕುಗ್ಗಿಸಿದರೆ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ. ಆದ್ದರಿಂದ ಎಡಿಟಿಂಗ್ ಯಾವಾಗಲೂ ಮೂಲ ಫೈಲಿನ ಪ್ರತಿಯ ಮೇಲೆ ಮಾಡಿ, ಕೊನೆಯಲ್ಲಿ ಒಂದೇ ಸಲ ಕುಗ್ಗಿಸಿ.

ಮೂಲವನ್ನು ಎರಡು ಬೇರೆ ಬೇರೆ ಕಡೆ ಇಡಿ. ಫೈಲಿನ ಹೆಸರಲ್ಲಿ ಮಾತಾಡಿದವರ ಹೆಸರು, ಊರು, ತಾರೀಖು ಬರೆಯಿರಿ. ಮತ್ತೆ ಒಂದು ಮಾತು: ಹಂಚುವ ಮೊದಲು ಅವರ ಒಪ್ಪಿಗೆ ಕೇಳಿ. ದನಿ ಅವರದು.