ಬ್ರೌಸರಿನ ನವೀಕರಣವೂ ತರುವಾಯದ ತೊಡಕುಗಳೂ

ನಿನ್ನೆಯವರೆಗೆ ಸರಿಯಾಗಿ ತೆರೆಯುತ್ತಿದ್ದ ಪುಟವೊಂದು ಇಂದು ತೆರೆಯುವುದಿಲ್ಲ; ತೆರೆದರೂ ಅದರ ಗುಂಡಿಗಳನ್ನು ಒತ್ತಿದರೆ ಏನೂ ಆಗುವುದಿಲ್ಲ; ಇಲ್ಲವೆ, ಕನ್ನಡ ಅಕ್ಷರಗಳಿರಬೇಕಾದೆಡೆಯಲ್ಲಿ ಅರ್ಥವಿಲ್ಲದ ರೋಮನ್ ಲಿಪಿಯ ಗೋಜಲು ಕಾಣುತ್ತದೆ. ವಿಚಾರಿಸಿದರೆ, ಹಿಂದಿನ ರಾತ್ರಿ ಬ್ರೌಸರು ತಾನಾಗಿ ನವೀಕರಣಗೊಂಡಿತೆಂದು ತಿಳಿಯುತ್ತದೆ. ಗಣಕಯಂತ್ರವನ್ನು ವ್ಯಾಸಂಗಕ್ಕೂ ವ್ಯವಹಾರಕ್ಕೂ ಬಳಸುವವರಿಗೆ ಇದು ಅಪರೂಪದ ಅನುಭವವಲ್ಲ. ಇಂಥ ಸಂದರ್ಭದಲ್ಲಿ ಬಹುಮಂದಿ ಮಾಡುವ ಕೆಲಸ ಎರಡು. ಕಂಡದ್ದನ್ನೆಲ್ಲ ಅಳಿಸಿ ಬ್ರೌಸರನ್ನು ಹೊಸದಾಗಿ ಸ್ಥಾಪಿಸುವುದು ಒಂದು. ಎಲ್ಲಿಂದಲೋ ಹಳೆಯ ಆವೃತ್ತಿಯನ್ನು ತಂದು ಕೂರಿಸುವುದು ಇನ್ನೊಂದು. ಮೂಲ ತೊಡಕಿಗಿಂತ ಈ ಎರಡು ಚಿಕಿತ್ಸೆಗಳಿಂದ ಆಗುವ ಹಾನಿಯೇ ಹೆಚ್ಚೆಂಬುದು ನನ್ನ ಅಭಿಪ್ರಾಯ. ವರ್ಷಾನುಗಟ್ಟಲೆ ಕೂಡಿಟ್ಟ ಬುಕ್‌ಮಾರ್ಕುಗಳೂ ಪಾಸ್‌ವರ್ಡುಗಳೂ ಮೊದಲನೆಯದರಿಂದ ನಷ್ಟವಾಗಬಹುದು. ಎರಡನೆಯದರಿಂದ, ಬ್ಯಾಂಕಿನ ಖಾತೆಯನ್ನು ತೆರೆಯುವ ಅದೇ ಯಂತ್ರಕ್ಕೆ, ಕಳ್ಳಕಾಕರಿಗೆಲ್ಲ ತಿಳಿದುಹೋಗಿರುವ ಭದ್ರತಾದೋಷಗಳನ್ನು ನಾವೇ ಮರಳಿ ಕರೆತಂದಂತಾಗುತ್ತದೆ.

ತಪ್ಪು ಯಾವ ಸ್ಥಳದಲ್ಲಿದೆಯೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅನಂತರ ಅಲ್ಲಿಗೆ ಮಾತ್ರ ಕೈಹಾಕುವುದು ಸರಿಯಾದ ಕ್ರಮ. ಲೆಕ್ಕಬರಹದಲ್ಲಿ ಇದು ಹಳೆಯ ಪದ್ಧತಿಯೇ. ತಾಳೆಪಟ್ಟಿಯ ಎರಡು ಬದಿಗಳು ಹೊಂದದಿದ್ದಾಗ ಅನುಭವಿಯಾದ ಗುಮಾಸ್ತನು ಪುಸ್ತಕಗಳನ್ನೆಲ್ಲ ಮೊದಲಿನಿಂದ ಬರೆಯಲು ಕೂಡುವುದಿಲ್ಲ. ವ್ಯತ್ಯಾಸದ ಮೊತ್ತವು 9ರಿಂದ ನಿಶ್ಶೇಷವಾಗಿ ಭಾಗವಾಗುವುದೇ ಎಂದು ನೋಡುತ್ತಾನೆ. ಆಗುವುದಾದರೆ 72 ಎಂದು ಬರೆಯುವಲ್ಲಿ 27 ಎಂದು ಅಂಕಿಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು. 2ರಿಂದ ಭಾಗವಾದರೆ, ಅದರ ಅರ್ಧದಷ್ಟು ಮೊತ್ತವೊಂದು ತಪ್ಪು ಬದಿಗೆ ಏರಿರಬಹುದು. ತಪ್ಪಿನ ಲಕ್ಷಣವೇ ತಪ್ಪಿನ ನೆಲೆಯನ್ನು ಹೇಳುತ್ತದೆ. ಬ್ರೌಸರಿನ ವಿಷಯದಲ್ಲಿಯೂ ಹೀಗೆಯೇ.

ನವೀಕರಣಗಳು ಇಷ್ಟು ಪದೇ ಪದೇ ಏಕೆ ಬರುತ್ತವೆಂದು ಕೇಳುವವರುಂಟು. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್ ಬ್ರೌಸರು ಹೊರಬಂದಾಗ, ಬಳಸುವವರನ್ನು ಕೇಳದೆಯೇ ತನ್ನನ್ನು ತಾನು ನವೀಕರಿಸಿಕೊಳ್ಳುವ ಪದ್ಧತಿಯನ್ನು ಅದು ರೂಢಿಗೆ ತಂದಿತು. 2010ರಿಂದ ಅದು ಆರು ವಾರಗಳಿಗೊಂದು ಮುಖ್ಯ ಆವೃತ್ತಿಯನ್ನು ಹೊರಡಿಸತೊಡಗಿತು. 2021ರಿಂದ ನಾಲ್ಕು ವಾರಗಳಿಗೊಂದು. ಮೊಜಿಲ್ಲಾದ ಫೈರ್‌ಫಾಕ್ಸ್ ಸಹ 2011ರಲ್ಲಿ ಈ ದಾರಿಯನ್ನೇ ಹಿಡಿಯಿತು. ಆವೃತ್ತಿಯ ಸಂಖ್ಯೆಯೇ ತೊಡಕಾದ ವಿನೋದವೂ ಉಂಟು. 2009ರಲ್ಲಿ ಒಪೆರಾ ಬ್ರೌಸರಿನ 10ನೆಯ ಆವೃತ್ತಿ ಬಂದಾಗ, ಕೆಲವು ಜಾಲತಾಣಗಳು ಮೊದಲ ಅಂಕಿಯನ್ನಷ್ಟೇ ಓದಿ ಅದನ್ನು 1ನೆಯ ಆವೃತ್ತಿಯೆಂದು ತಿಳಿದು ತಿರಸ್ಕರಿಸಿದವು. ಅದಕ್ಕಾಗಿ ಒಪೆರಾ ತನ್ನ ಗುರುತಿನ ಸಾಲಿನಲ್ಲಿ 9.80 ಎಂದೇ ಹೇಳಿಕೊಳ್ಳಬೇಕಾಯಿತು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳು 100ನೆಯ ಆವೃತ್ತಿಯನ್ನು ಮುಟ್ಟುವಾಗ ಇದೇ ಆತಂಕ ಪುನಃ ತಲೆದೋರಿ, ಎರಡೂ ಸಂಸ್ಥೆಗಳು ಮುಂಚಿತವಾಗಿಯೇ ಪರೀಕ್ಷೆಗಳನ್ನು ನಡೆಸಿದವು.

ಇನ್ನು ನಿದಾನಕ್ಕೆ ಬರೋಣ. ಮೊದಲಾಗಿ ಬ್ರೌಸರನ್ನು ಪೂರ್ಣವಾಗಿ ಮುಚ್ಚಿ ಪುನಃ ತೆರೆಯಬೇಕು. ನವೀಕರಣದ ಕಡತಗಳು ಬಂದು ಕುಳಿತಿದ್ದರೂ ಹಳೆಯ ಆವೃತ್ತಿಯೇ ಇನ್ನೂ ಓಡುತ್ತಿರುವ ಅರೆಬರೆ ಸ್ಥಿತಿಯಲ್ಲಿ ವಿಚಿತ್ರ ತೊಂದರೆಗಳು ಕಾಣಿಸಿಕೊಳ್ಳುವುದುಂಟು. ಗಣಕಯಂತ್ರದ ದಿನಾಂಕ ಸರಿಯಾಗಿದೆಯೇ ಎಂದೂ ನೋಡಬೇಕು. ಅದು ತಪ್ಪಿದ್ದರೆ ಸುರಕ್ಷಿತ ತಾಣಗಳೆಲ್ಲವೂ ಅರ್ಹತಾಪತ್ರದ ದೋಷವನ್ನು ತೋರಿಸುತ್ತವೆ, ಅಪವಾದ ನವೀಕರಣದ ಮೇಲೆ ಬರುತ್ತದೆ.

ಇಷ್ಟರಿಂದ ಸರಿಹೋಗದಿದ್ದರೆ ಅದೇ ಪುಟವನ್ನು ಖಾಸಗಿ ಕಿಟಕಿಯಲ್ಲಿ, ಎಂದರೆ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ಎಂದು ಕರೆಯುವ ಕಿಟಕಿಯಲ್ಲಿ, ತೆರೆದು ನೋಡಬೇಕು. ಇದು ಗುಟ್ಟಿನ ಕೆಲಸಗಳಿಗಷ್ಟೇ ಇರುವುದೆಂಬ ಭಾವನೆ ಜನರಲ್ಲಿದೆ. ವಾಸ್ತವವಾಗಿ ರೋಗನಿದಾನಕ್ಕೆ ಇದರಷ್ಟು ಒಳ್ಳೆಯ ಉಪಕರಣ ಬೇರೊಂದಿಲ್ಲ. ಏಕೆಂದರೆ ಈ ಕಿಟಕಿಗೆ ಹಳೆಯ ಕುಕಿಗಳ ನೆನಪಿಲ್ಲ, ಕ್ಯಾಶ್ ಎಂಬ ಹಳೆಯ ದಾಸ್ತಾನಿಲ್ಲ. ನಾವು ಬೇರೆಯಾಗಿ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಷನ್‌ಗಳೂ ಇಲ್ಲಿ ಕೆಲಸಮಾಡುವುದಿಲ್ಲ. ಪುಟವು ಇಲ್ಲಿ ಸರಿಯಾಗಿ ತೆರೆದರೆ, ಹೊಸ ಬ್ರೌಸರಿನಲ್ಲಿ ದೋಷವಿಲ್ಲ, ನಮ್ಮ ಹಳೆಯ ಸಾಮಾನಿನಲ್ಲಿ ದೋಷವಿದೆಯೆಂದು ತಿಳಿಯಬೇಕು. ಆಗ ಆ ಒಂದು ತಾಣಕ್ಕೆ ಸಂಬಂಧಿಸಿದ ಕುಕಿಗಳನ್ನೂ ದಾಸ್ತಾನನ್ನೂ ಮಾತ್ರ ತೆಗೆದರೆ ಸಾಕು. ಎಲ್ಲ ತಾಣಗಳದನ್ನೂ ಒಟ್ಟಿಗೆ ಅಳಿಸುವುದು, ಒಂದು ಖಾತೆಯ ತಪ್ಪಿಗೆ ಖಾತೆಪುಸ್ತಕವನ್ನೇ ಸುಟ್ಟಂತೆ.

ಅದರಿಂದಲೂ ಗುಣವಾಗದಿದ್ದರೆ ಸಂದೇಹ ಎಕ್ಸ್‌ಟೆನ್ಷನ್‌ಗಳ ಮೇಲೆ. ಹನ್ನೆರಡು ಇದ್ದರೆ ಒಂದೊಂದಾಗಿ ಪರೀಕ್ಷಿಸಬೇಕಾಗಿಲ್ಲ. ಮೊದಲು ಆರನ್ನು ನಿಲ್ಲಿಸಬೇಕು, ತೊಂದರೆ ಹೋದರೆ ತಪ್ಪಿತಸ್ಥನು ಆ ಆರರೊಳಗಿದ್ದಾನೆ, ಹೋಗದಿದ್ದರೆ ಉಳಿದ ಆರರೊಳಗಿದ್ದಾನೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹೆಚ್ಚೆಂದರೆ ನಾಲ್ಕು ಪ್ರಯತ್ನಗಳಲ್ಲಿ ಸಿಕ್ಕಿಬೀಳುತ್ತಾನೆ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆಯ ರೀತಿಯ ಎಕ್ಸ್‌ಟೆನ್ಷನ್‌ಗಳೆಲ್ಲವೂ ಒಂದೇ ದಿನ ಅನುಪಯುಕ್ತವಾದವು. ಆ ಮಾತು ಬೇರೆ, ಅಲ್ಲಿ ಹುಡುಕುವುದಕ್ಕೇನೂ ಇರಲಿಲ್ಲ. ಆದರೆ 2019ರ ಮೇ 4ರಂದು ನಡೆದುದು ವಿಚಾರಾರ್ಹವಾಗಿದೆ. ಅಂದು ಅಸಂಖ್ಯ ಫೈರ್‌ಫಾಕ್ಸ್ ಬಳಕೆದಾರರ ಎಕ್ಸ್‌ಟೆನ್ಷನ್‌ಗಳು ಏಕಕಾಲಕ್ಕೆ ನಿಂತುಹೋದವು. ಕಾರಣ ನವೀಕರಣವಲ್ಲ; ಅವುಗಳ ಸಹಿಯನ್ನು ದೃಢಪಡಿಸುತ್ತಿದ್ದ ಅರ್ಹತಾಪತ್ರವೊಂದರ ಅವಧಿ ಮುಗಿದಿತ್ತು. ಎಕ್ಸ್‌ಟೆನ್ಷನ್‌ಗಳನ್ನು ಅಳಿಸಿ ಪುನಃ ಸ್ಥಾಪಿಸಬಾರದೆಂದು ಮೊಜಿಲ್ಲಾ ಎಚ್ಚರಿಸಿತು. ಏಕೆಂದರೆ ಅಳಿಸಿದರೆ ಅವುಗಳೊಳಗಿನ ಮಾಹಿತಿಯೂ ಅಳಿಯುತ್ತಿತ್ತು. ಸುಮ್ಮನಿದ್ದವರಿಗೆ ಕೆಲವೇ ದಿನಗಳಲ್ಲಿ ಎಲ್ಲವೂ ಮರಳಿ ದೊರೆಯಿತು, ಅವಸರಪಟ್ಟವರಿಗೆ ದೊರೆಯಲಿಲ್ಲ.

ಪರದೆ ಕಪ್ಪಾಗುವುದು, ಚಿತ್ರಗಳು ಮಿನುಗುವುದು ಮುಂತಾದವು ಕಂಡರೆ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಎಂಬುದನ್ನು ನಿಲ್ಲಿಸಿ ನೋಡಬೇಕು. ಹೊಸ ಬ್ರೌಸರಿಗೂ ಹಳೆಯ ಗ್ರಾಫಿಕ್ಸ್ ಡ್ರೈವರಿಗೂ ಹೊಂದಿಕೆಯಾಗದಿದ್ದಾಗ ಹೀಗಾಗುತ್ತದೆ.

ಖಾಸಗಿ ಕಿಟಕಿಯಲ್ಲಿಯೂ ಪುಟ ಕೆಡುವುದಾದರೆ ಬೇರೊಂದು ವರ್ಗದ ತೊಡಕು ನಮ್ಮೆದುರಿಗಿದೆ. ಬ್ರೌಸರೇ ಬುದ್ಧಿಪೂರ್ವಕವಾಗಿ ಹಳೆಯ ಸೌಲಭ್ಯವೊಂದನ್ನು ತೆಗೆದುಹಾಕಿರಬಹುದು. ಡಿಜಿಟಲ್ ಸಹಿ ಮುಂತಾದ ಕೆಲಸಗಳಿಗೆ ಒಂದು ಕಾಲಕ್ಕೆ ಅನೇಕ ತಾಣಗಳು ಜಾವಾ ಆಪ್ಲೆಟ್‌ಗಳನ್ನು ನೆಚ್ಚಿದ್ದವು. ಅವಕ್ಕೆ ಆಧಾರವಾಗಿದ್ದ ಪ್ಲಗಿನ್ ವ್ಯವಸ್ಥೆಯನ್ನು 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ 45 ಕೈಬಿಟ್ಟಿತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 52, ಫ್ಲಾಶ್ ಒಂದನ್ನುಳಿದು ಮಿಕ್ಕವನ್ನು ಕೈಬಿಟ್ಟಿತು. ಫ್ಲಾಶಿಗೂ 2020ರ ಡಿಸೆಂಬರ್ 31ರಂದು ಮಂಗಳಹಾಡಲಾಯಿತು. ಇಂಥಲ್ಲಿ ಬಳಸುವವನು ತನ್ನ ಯಂತ್ರದಲ್ಲಿ ಏನು ಮಾಡಿದರೂ ಫಲವಿಲ್ಲ. ತಾಣದವರೇ ಹೊಸ ಮಾರ್ಗವನ್ನು ಒದಗಿಸಬೇಕು.

ಈ ವರ್ಗದಲ್ಲಿ ಹಣಕಾಸಿಗೆ ಸಂಬಂಧಿಸಿದ ಒಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. ಹಿಂದೆ ಬ್ಯಾಂಕುಗಳಲ್ಲಿ ಚೆಕ್ಕನ್ನು ಒಪ್ಪಿಸಿದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅದನ್ನು ತೋರಿಸಿದವನಿಗೇ ಹಣ. ಕುಕಿಯೆಂಬುದು ಅಂಥದೇ ಟೋಕನ್. ಅಂಗಡಿಯ ತಾಣವು ನಮಗೊಂದು ಕುಕಿಯನ್ನು ಕೊಟ್ಟು, ಹಣ ತೆರಲು ಬ್ಯಾಂಕಿನ ತಾಣಕ್ಕೆ ಕಳುಹಿಸುತ್ತದೆ. ಹಣ ತೆತ್ತ ಮೇಲೆ ಬ್ಯಾಂಕು ನಮ್ಮನ್ನು ಅಂಗಡಿಗೆ ಹಿಂದಿರುಗಿಸುತ್ತದೆ. ಅಂಗಡಿಯು ಕುಕಿಯನ್ನು ನೋಡಿ ಗುರುತುಹಿಡಿಯುತ್ತದೆ. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರೊಡನೆ, ಪರತಾಣದಿಂದ ಅರ್ಜಿಯ ರೂಪದಲ್ಲಿ ಹೀಗೆ ಹಿಂದಿರುಗುವಾಗ ಕುಕಿಯನ್ನು ತೋರಿಸಕೂಡದೆಂಬ ನಿಯಮ ಜಾರಿಗೆ ಬರತೊಡಗಿತು. ತೋರಿಸಬಹುದೆಂದು ತಾಣದವರು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ವಿನಾಯಿತಿ. ಮೋಸದ ತಾಣಗಳು ನಮ್ಮ ಹೆಸರಿನಲ್ಲಿ ಅರ್ಜಿ ಹಾಕುವುದನ್ನು ತಡೆಯುವುದು ಇದರ ಉದ್ದೇಶ. ಆದರೆ ಸಿದ್ಧವಾಗಿರದ ಅಂಗಡಿಗಳಲ್ಲಿ, ಹಣ ಖಾತೆಯಿಂದ ಹೋಗಿದ್ದರೂ, ‘ಪುನಃ ಪ್ರವೇಶಿಸಿರಿ’ ಎಂಬ ಪುಟ ಗಿರಾಕಿಗೆ ಎದುರಾಗುವ ಸಂಭವವುಂಟಾಯಿತು. ಕುಕಿ ಕೊಟ್ಟು ಎರಡು ನಿಮಿಷ ಕಳೆಯುವವರೆಗೆ ಕ್ರೋಮ್ ತಾತ್ಕಾಲಿಕ ರಿಯಾಯಿತಿ ಇಟ್ಟಿತ್ತಾದ್ದರಿಂದ, ಬೇಗ ಹಣ ತೆತ್ತವನಿಗೆ ಸುಗಮ, ಮೊಬೈಲಿಗೆ ಬರುವ ಗುಪ್ತಸಂಖ್ಯೆಗಾಗಿ ಕಾಯುತ್ತ ಕುಳಿತವನಿಗೆ ವಿಘ್ನ. ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ ಎಂಬ ದೂರುಗಳಿಗೆ ಇಂಥ ಕಾರಣಗಳಿರುತ್ತವೆ. ಹೀಗಾದಾಗ ಎರಡನೆಯ ಸಲ ಹಣ ತೆರಬಾರದು. ಮೊದಲು ಖಾತೆಯ ವಿವರವನ್ನು ನೋಡಬೇಕು.

ಆ ವರ್ಷದ ಏಪ್ರಿಲಿನಲ್ಲಿ, ಕೋವಿಡ್ ಪಿಡುಗಿನ ನಡುವೆ ಅಗತ್ಯ ತಾಣಗಳು ಕೆಡಬಾರದೆಂದು ಗೂಗಲ್ ಈ ನಿಯಮವನ್ನು ತಡೆಹಿಡಿದು ಜುಲೈಯಲ್ಲಿ ಪುನಃ ಹೊರಡಿಸಿತು. ಟಿಎಲ್ಎಸ್ ಎಂಬ ಗುಪ್ತಸಂವಹನ ವಿಧಾನದ ಹಳೆಯ 1.0 ಮತ್ತು 1.1 ಆವೃತ್ತಿಗಳನ್ನು ಮಾರ್ಚಿನಲ್ಲಿಯೇ ನಿಲ್ಲಿಸಿದ್ದ ಫೈರ್‌ಫಾಕ್ಸ್, ಕೆಲವು ಸರಕಾರೀ ತಾಣಗಳು ಜನರಿಗೆ ದೊರೆಯುವಂತಾಗಲೆಂದು ಅವನ್ನು ಮರಳಿ ತೆರೆದು, ಜೂನ್ 30ರ 78ನೆಯ ಆವೃತ್ತಿಯಲ್ಲಿ ಮತ್ತೆ ಮುಚ್ಚಿತು. ಮುರಿಯುವುದೆಂದು ತಿಳಿದೇ ಮುರಿಯುತ್ತಾರೆಂಬುದಕ್ಕೆ ಇವು ಸಾಕ್ಷಿ.

ಹಳೆಯ ಆವೃತ್ತಿಗೆ ಹಿಂದಿರುಗುವ ಯೋಚನೆ ಬರುವುದು ಇಂಥ ಸಂದರ್ಭಗಳಲ್ಲಿಯೇ. ಭದ್ರತೆಯ ಮಾತು ಹಾಗಿರಲಿ. ಹೊಸ ಆವೃತ್ತಿಯು ನಮ್ಮ ಬುಕ್‌ಮಾರ್ಕು, ಪಾಸ್‌ವರ್ಡುಗಳಿರುವ ಪ್ರೊಫೈಲನ್ನು ಹೊಸ ರೀತಿಯಲ್ಲಿ ಬರೆದಿಟ್ಟಿರುತ್ತದೆ, ಹಳೆಯದಕ್ಕೆ ಅದು ಓದಲು ಬಾರದಿರಬಹುದು. ಆದಕಾರಣವೇ 2019ರ ಫೈರ್‌ಫಾಕ್ಸ್ 67ರಿಂದ, ಹೊಸ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಹೋದರೆ ಬ್ರೌಸರು ತಡೆಯುತ್ತದೆ. ಏನೂ ದಾರಿಯಿಲ್ಲದಾಗ ಫೈರ್‌ಫಾಕ್ಸ್‌ನ ರಿಫ್ರೆಶ್ ಎಂಬ ಸೌಲಭ್ಯವನ್ನೋ, ಕ್ರೋಮ್‌ನ ರೀಸೆಟ್ ಎಂಬುದನ್ನೋ ಬಳಸಬಹುದು; ಎರಡೂ ಬುಕ್‌ಮಾರ್ಕುಗಳನ್ನೂ ಪಾಸ್‌ವರ್ಡುಗಳನ್ನೂ ಉಳಿಸುತ್ತವೆ. ಆದರೂ ಬುಕ್‌ಮಾರ್ಕುಗಳನ್ನು ಮೊದಲು ಬೇರೆ ಕಡತಕ್ಕೆ ಎಕ್ಸ್‌ಪೋರ್ಟ್ ಮಾಡಿಕೊಳ್ಳುವುದು ಲೇಸು. ಒಂದು ನಿಮಿಷದ ಕೆಲಸ.

ಕೊನೆಯದಾಗಿ ಕನ್ನಡ ಅಕ್ಷರಗಳ ವಿಷಯ. ಸಂಶೋಧಕರಿಗೆ ಇದು ಎಲ್ಲಕ್ಕಿಂತ ಮುಖ್ಯ. ಕನ್ನಡದ ಬದಲಾಗಿ ಗೋಜಲು ಕಂಡಾಗ ಅದು ಎರಡು ಬಗೆಯದೆಂಬುದನ್ನು ಅರಿಯಬೇಕು. ಯೂನಿಕೋಡ್ ಕನ್ನಡದ ಪ್ರತಿಯೊಂದು ಅಕ್ಷರವನ್ನೂ ಯುಟಿಎಫ್-8 ಎಂಬ ರೂಢಿಯ ಸಂಕೇತಕ್ರಮದಲ್ಲಿ ಮೂರು ಬೈಟ್‌ಗಳಲ್ಲಿ ಬರೆಯುತ್ತಾರೆ. ಬ್ರೌಸರು ಅದನ್ನು ಪಾಶ್ಚಾತ್ಯ ಸಂಕೇತವೆಂದು ತಪ್ಪಾಗಿ ಓದಿದರೆ, ಮೊದಲ ಬೈಟ್ ಎಲ್ಲೆಡೆಯಲ್ಲಿಯೂ ತಲೆಯ ಮೇಲೆ ಗೀಟುಳ್ಳ ರೋಮನ್ ‘ಎ’ ಆಗಿ ಕಾಣುತ್ತದೆ; ಎರಡನೆಯದು, ಗಣಿತದಲ್ಲಿ ವರ್ಗವನ್ನೂ ಘನವನ್ನೂ ಸೂಚಿಸಲು ಮೇಲ್ಗಡೆ ಬರೆಯುವ ಚಿಕ್ಕ 2 ಅಥವಾ 3 ಆಗಿ ಕಾಣುತ್ತದೆ. ಸ್ವರವ್ಯಂಜನಗಳಲ್ಲಿ 2, ಉಕಾರ ಎಕಾರಾದಿ ಚಿಹ್ನೆಗಳಲ್ಲಿ 3. ಆದ್ದರಿಂದ ಪುಟದ ತುಂಬ ಈ ಚಿಕ್ಕ 2, 3ಗಳು ಕಂಡರೆ ಸಮಾಧಾನಪಡಬಹುದು. ಪಠ್ಯ ಸುರಕ್ಷಿತವಾಗಿದೆ, ಓದುವ ಕ್ರಮ ಮಾತ್ರ ತಪ್ಪಿದೆ. ಸಂಕೇತವನ್ನು ಕೈಯಿಂದ ಆರಿಸುವ ಪಟ್ಟಿಯನ್ನು ಕ್ರೋಮ್ ತೆಗೆದುಹಾಕಿದೆ. ಫೈರ್‌ಫಾಕ್ಸ್‌ನಲ್ಲಿ 2021ರ 91ನೆಯ ಆವೃತ್ತಿಯಿಂದ, ವ್ಯೂ ಪಟ್ಟಿಯಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಎಂಬುದಿದೆ. ಅದನ್ನು ಒತ್ತಿದರೆ ಸಾಮಾನ್ಯವಾಗಿ ಕನ್ನಡ ಮರಳುತ್ತದೆ.

ಆ ಅಂಕಿಗಳು ಕಾಣದೆ ಬರಿಯ ರೋಮನ್ ಅಕ್ಷರಗಳ ಸಂತೆಯಿದ್ದರೆ ಪುಟವು ಯೂನಿಕೋಡಿಗೆ ಮೊದಲಿನ ಪದ್ಧತಿಯದು. ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ಕೂಡಿಸಿದ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. 1997ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4, ಪುಟದ ಜೊತೆಗೇ ಫಾಂಟನ್ನು ಕಳುಹಿಸುವ ಉಪಾಯವೊಂದನ್ನು ತಂದಿತು. ಅದನ್ನು ನಂಬಿ ಅನೇಕ ಕನ್ನಡ ಪುಟಗಳು ಸಿದ್ಧವಾದವು. ಕ್ರೋಮ್, ಫೈರ್‌ಫಾಕ್ಸ್‌ಗಳು ಆ ಫಾಂಟಿನ ರೂಪವನ್ನು ಸ್ವೀಕರಿಸಲೇ ಇಲ್ಲ; ಮೈಕ್ರೋಸಾಫ್ಟಿನದೇ ಆದ ಎಡ್ಜ್ ಸಹ ಅದನ್ನು ಬಿಟ್ಟಿತು; 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನೇ ನಿಲ್ಲಿಸಲಾಯಿತು. ಇಂಥ ಪುಟ ಕೆಟ್ಟಿರುವುದಕ್ಕೆ ದಾಸ್ತಾನನ್ನು ಅಳಿಸಿಯೂ ಪ್ರಯೋಜನವಿಲ್ಲ, ಎಕ್ಸ್‌ಟೆನ್ಷನ್ ನಿಲ್ಲಿಸಿಯೂ ಪ್ರಯೋಜನವಿಲ್ಲ. ಪುಟದ ಮೂಲಬರಹವನ್ನು ತೆರೆದು ಅದರಲ್ಲಿ ಹೇಳಿರುವ ಫಾಂಟಿನ ಹೆಸರನ್ನು ಗುರುತಿಸಿಕೊಳ್ಳಬೇಕು. ಆ ಫಾಂಟು ದೊರೆತು ಯಂತ್ರದಲ್ಲಿ ಸ್ಥಾಪಿತವಾದರೆ ಪುಟವನ್ನು ಓದಬಹುದು. ಇಲ್ಲದಿದ್ದರೆ ಪಠ್ಯವನ್ನು ನಕಲುಮಾಡಿ, ಆ ಫಾಂಟಿಗೆಂದೇ ರಚಿತವಾದ ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ನುಡಿಯ ಪರಿವರ್ತಕ ಶ್ರೀಲಿಪಿಗೆ ನಡೆಯದು. ಇಂಥ ಪುಟಗಳಲ್ಲಿ ಪಂಪನ ಹೆಸರು ನೂರು ಸಲ ಬಂದಿದ್ದರೂ, ‘ಪಂಪ’ ಎಂದು ಕನ್ನಡದಲ್ಲಿ ಹುಡುಕಿದವರಿಗೆ ಅವು ಸಿಗುವುದಿಲ್ಲ. ಆದ್ದರಿಂದ ಹಳೆಯ ಲೇಖನವೊಂದರ ಬುಕ್‌ಮಾರ್ಕನ್ನು ಮಾತ್ರ ಇಟ್ಟುಕೊಂಡವರು, ಆ ತಾಣ ಇನ್ನೂ ಬದುಕಿರುವಾಗಲೇ, ಫಾಂಟಿನ ಹೆಸರನ್ನು ತಲೆಯಲ್ಲಿ ಬರೆದು ಇಡೀ ಪುಟವನ್ನು ತಮ್ಮ ಯಂತ್ರದಲ್ಲಿ ಉಳಿಸಿಕೊಂಡು, ಅದರ ಯೂನಿಕೋಡ್ ಪ್ರತಿಯನ್ನೂ ಪಕ್ಕದಲ್ಲಿಯೇ ಇಡತಕ್ಕದ್ದು.